ಗೋಡೆ ದೇವರು ಕಟ್ಟಿದ್ದಲ್ಲ

ಒಂದು ನಿಂಬೆಹಣ್ಣು ಎಂಟುನೂರು ರೂಪಾಯಿ. ಒಂದು ಕಂತೆ ನುಗ್ಗೆಕಾಯಿ ಸಾವಿರದ ಇನ್ನೂರು. ನಂದಿ ಕಡೆಯಿಂದ ಬಂದ ಎರಡು ಗೊಂಚಲು ದ್ರಾಕ್ಷಿ ಎರಡು ಸಾವಿರ. ಚಿಂತಾಮಣಿ ಮಾರ್ಕೆಟ್ಟಿನಲ್ಲಿ ಈ ಬೆಲೆ ಕೂಗಿದರೆ ತಲೆ ಕೆಟ್ಟಿದೆ ಎಂದು ನಗುತ್ತಾರೆ. ಶಿಡ್ಲಘಟ್ಟದ ಈ ಸಣ್ಣ ಕ್ರೈಸ್ತ ಸಭೆಯಲ್ಲಿ ಸುಗ್ಗಿ ಹಬ್ಬದ ದಿನ ಮಾತ್ರ ಅದೇ ನ್ಯಾಯವಾದ ಬೆಲೆ. ಜನ ಮೊದಲ ಫಲ ತಂದು ದೇವರ ಮುಂದಿಡುತ್ತಾರೆ, ಆಮೇಲೆ ಅದನ್ನೇ ಹರಾಜಿನಲ್ಲಿ ಕೊಳ್ಳುತ್ತಾರೆ. ಈ ವರ್ಷದ ಹಣವೆಲ್ಲ ಕಾಂಪೌಂಡಿನ ಹೊಸ ಗೋಡೆಗೆ.

ಮುನಿಗಂಗಮ್ಮ ತಂದಿದ್ದು ತಾನೇ ಹೆಣೆದ ಚಂದ್ರಿಕೆ, ರೇಷ್ಮೆಹುಳು ಗೂಡು ಕಟ್ಟಲು ಬಿಡುವ ಬಿದಿರಿನ ದೊಡ್ಡ ತಟ್ಟೆ. ಅದು ಹರಾಜಿಗೆ ಬರುವ ಮುಂಚೆ ಅವಳು ಎದ್ದು ಸಾಕ್ಷಿ ಹೇಳಬೇಕಿತ್ತು. ಕಷ್ಟದೊಳಗೆ ದೇವರು ಮಾಡಿದ ಒಳ್ಳೆಯದನ್ನು ಸಭೆಯ ಮುಂದೆ ಹೇಳಿ ಸ್ತೋತ್ರ ಸಲ್ಲಿಸುವ ಪದ್ಧತಿ ಅದು. ಏನು ಹೇಳಬೇಕೆಂದು ಕಾರ್ಯದರ್ಶಿ ಮೋಹನ್‌ಬಾಬು ಚೀಟಿ ಬರೆದುಕೊಟ್ಟಿದ್ದ. ಅಕ್ಷರ ಕೂಡಿಸಿಕೊಂಡು ಓದಿದಳು: ‘ನನ್ನ ಒಳ್ಳೆಯದಕ್ಕಾಗಿ ಕರ್ತನು ಗೋಡೆಯನ್ನು ಕೆಡವಿದನು.’ ಮೂರು ಸಲ ಓದಿದಳು. ಮೂರು ಸಲವೂ ಮೈ ಉರಿಯಿತು.

ಮೂರು ವರ್ಷದ ಹಿಂದೆ ಕಾಂಪೌಂಡಿನ ಹಳೇ ಗೋಡೆ ಏಳುವಾಗಲೇ ಅವಳು ಹೇಳಿದ್ದಳು, “ಬಾಬು, ಕಂಬ ಇಲ್ದೆ ಇಷ್ಟೆತ್ತರ ನಿಲ್ಲಲ್ಲ.” ಮೋಹನ್‌ಬಾಬು ನಕ್ಕಿದ್ದ. “ದೇವರ ಮನೆ ಗೋಡೆ ಅಕ್ಕ, ದೇವರೇ ಕಾಯ್ತಾನೆ.” ಮೊದಲ ಜೋರು ಮಳೆಗೇ ಅದು ಪಕ್ಕದಲ್ಲಿದ್ದ ಅವಳ ಶೀಟಿನ ಮನೆಯ ಮೇಲೆ ಉರುಳಿತು. ಬಲಗಾಲು ಎರಡು ಕಡೆ ಮುರಿದು ಏಳು ತಿಂಗಳು ಮಲಗಿದಳು. ಸಭೆಯವರು ಬಂದು ಪ್ರಾರ್ಥನೆ ಮಾಡಿ ಹೋದರು. ಗೋಡೆಯ ಮಾತು ಯಾರೂ ಎತ್ತಲಿಲ್ಲ.

ಈಗ ಇನ್ನೊಂದು ಪಕ್ಕದ ಗೋಡೆ. ಭಾನುವಾರ ಮಕ್ಕಳು ಪಾಠಕ್ಕೆ ಕೂರುವ ಜಾಗವೇ ಅದರ ಬುಡ. ಬೆಳಿಗ್ಗೆ ಬರುವಾಗ ಅವಳು ನೋಡಿದ್ದಳು: ಮೊಣಕಾಲುದ್ದದ ಪಾಯ, ಕಂಬಕ್ಕೆ ಒಂದು ಗುಂಡಿಯೂ ಇಲ್ಲ.

ಕುಂಟುತ್ತ ಮೈಕಿನ ಮುಂದೆ ಬಂದಳು. ಮೋಹನ್‌ಬಾಬು ಬಗ್ಗಿ ಪಿಸುಗುಟ್ಟಿದ, “ಅಕ್ಕ, ಚೀಟೀಲಿರೋದಷ್ಟೇ ಓದಿ.”

“ಚೀಟಿ ನಿಮ್ದು ಬಾಬು. ಕಾಲು ನಂದು.” ಮೈಕು ಆನ್ ಇತ್ತು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು.

“ಇಪ್ಪತ್ತೆರಡು ವರ್ಷ ಕುದಿಯೋ ನೀರಲ್ಲಿ ಕೈ ಇಟ್ಟು ರೇಷ್ಮೆ ಎಳೆ ತೆಗೆದೋಳು ನಾನು. ಬೆರಳ ಸಂದೀಲಿ ಚರ್ಮ ನಿಲ್ತಿರ್ಲಿಲ್ಲ. ಕಾಲು ಮುರ್ಕೊಂಡು ಬಿದ್ದಿದ್ದಾಗ ಪಕ್ಕದ್ಮನೆ ಮಂಗಮ್ಮ ಬಿದಿರು ಸೀಳು ತಂದು ಮಡ್ಲಿಗೆ ಹಾಕಿ, ‘ಮುರಿದಿರೋದು ಕಾಲು ಕಣೇ, ಕೈಗೇನ್ ಬಂದೈತೆ ರೋಗ? ಹೆಣಿ’ ಅಂದ್ಲು. ಹೆಣೆದೆ. ಇವತ್ತು ಕೈ ನೋಡಿ, ವಾಸಿಯಾಗೈತೆ. ಚಂದ್ರಿಕೆ ಹೆಣೆದೇ ಹೊಟ್ಟೆ ತುಂಬ್ತೈತೆ, ಮತ್ತೆ ಆ ನೀರು ಮುಟ್ಟೋ ಗತಿ ಇಲ್ಲ. ಅದಕ್ಕೆ ಕರ್ತನಿಗೆ ಸ್ತೋತ್ರ. ಬಾಯ್ಮಾತಿಗಲ್ಲ, ದಿನಾ ಹೇಳ್ತೀನಿ.”

“ಸ್ತೋತ್ರ!” ಎಂದಿತು ಸಭೆ. ಮೋಹನ್‌ಬಾಬು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದ.

“ಚಪ್ಪಾಳೆ ನಿಲ್ಸಿ ಬಾಬು, ಇನ್ನೂ ಮುಗ್ದಿಲ್ಲ. ಸಾಕ್ಷಿ ಅಂದ್ರೆ ಕಂಡಿದ್ದು ಹೇಳೋದು. ಗೋಡೆ ದೇವರು ಕೆಡವಿಲ್ಲ, ಅವನು ಕಟ್ಟಿದ್ದೂ ಅಲ್ಲ. ಕಂಬ ಇಲ್ದೆ ಕಟ್ಟಿಸಿದ್ದು ನೀವು. ನೀವು ಮಾಡಿದ ಹಾಳನ್ನ ಆತ ರಿಪೇರಿ ಮಾಡ್ದ. ರಿಪೇರಿ ಮಾಡ್ದೋನ ಮೇಲೇ ತಪ್ಪು ಹೊರಿಸ್ತೀರಲ್ಲ, ನಾಚ್ಕೆ ಆಗಲ್ವಾ?”

ಮೋಹನ್‌ಬಾಬು ಹೆಂಡತಿ ಶೋಭಾರಾಣಿ ಎದ್ದು ನಿಂತಳು. “ಹಬ್ಬದ ದಿನ ಇದೆಲ್ಲ ಯಾಕಮ್ಮ? ಮನ್ಸಲ್ಲಿ ಕಹಿ ಇಟ್ಕೋಬಾರ್ದು.”

“ಕಹಿ ಅಲ್ಲಮ್ಮಾ. ಹೊಸ ಪಾಯ ಹೋಗಿ ನೋಡ್ಕೊಂಡ್ ಬಾ, ಅದಕ್ಕೂ ಕಂಬ ಇಲ್ಲ. ಆ ಗೋಡೆ ಬುಡದಾಗೆ ಕೂರೋದು ನಿನ್ನ ಮಗಳು ಮೌನಿಕಾನೇ. ಅವಳ ಕಾಲು ಮುರಿದ್ರೂ ಹಿಂಗೇ ಚೀಟಿ ಬರೀತಾರಾ ನಿನ್ ಯಜಮಾನ್ರು?”

ಶೋಭಾರಾಣಿ ಗಂಡನ ಮುಖ ನೋಡಿದಳು. ಪಾಸ್ಟರು ಕನ್ನಡಕ ತೆಗೆದು ಒರೆಸತೊಡಗಿದರು.

ಬಾಗಿಲ ಹತ್ತಿರ ಗಾರೆ ಕೆಲಸದ ಬಯ್ಯಪ್ಪ ಎದ್ದ. ಹಳೇ ಗೋಡೆ ಕಟ್ಟಿದವನು ಅವನೇ, ಹೊಸದನ್ನು ಒಪ್ಪಿಕೊಂಡವನೂ ಅವನೇ. “ಅಕ್ಕ ಹೇಳಿದ್ದು ನಿಜ. ಕಂಬ ಬೇಡ, ಖರ್ಚು ಜಾಸ್ತಿ ಅಂದ್ರು. ಕೂಲಿ ಬಂತಲ್ಲ ಅಂತ ನಾನೂ ಸುಮ್ಗಿದ್ದೆ. ಈ ಸಲ ಕಂಬ ಹಾಕ್ದೆ ಕರಣೆ ಮುಟ್ಟಲ್ಲ ಸ್ವಾಮಿ.”

“ಮೂರು ವರ್ಷ ಬೇಕಾಯ್ತೇನೋ ಬಯ್ಯಪ್ಪಾ, ಬಾಯಿ ಬಿಡಕ್ಕೆ?” ಎಂದಳು ಮುನಿಗಂಗಮ್ಮ. ಸಿಟ್ಟಿಗೆ ಅವಳ ಕಣ್ಣಲ್ಲಿ ನೀರು ಬಂದಿತ್ತು. “ಕಂಬ ಹಾಕ್ತೀವಿ ಅಂತ ಪಾಸ್ಟರು ಹೇಳೋವರೆಗೂ ನನ್ನ ಚಂದ್ರಿಕೆ ಹರಾಜಿಗಿಲ್ಲ.” ಮೈಕಿನ ಪಕ್ಕದಲ್ಲೇ ಚಂದ್ರಿಕೆಗೆ ಕೈಯೂರಿ ನಿಂತಳು.

ಪಾಸ್ಟರು ಕನ್ನಡಕ ಹಾಕಿಕೊಂಡರು. “ಹಾಕ್ತೀವಿ ತಾಯಿ,” ಎಂದರು.

ಪೇಟೆಯಲ್ಲಿ ಐನೂರು ಬಾಳುವ ಚಂದ್ರಿಕೆಯನ್ನು ಬಯ್ಯಪ್ಪ ಎರಡು ಸಾವಿರದ ನೂರಕ್ಕೆ ಕೂಗಿಕೊಂಡ. ಅವನ ಮನೆಯಲ್ಲಿ ಒಂದು ಹುಳುವೂ ಇಲ್ಲ.

ಗೋಡೆಗೆ ಆರು ಕಂಬ ಬಂದವು. ಭಾನುವಾರದ ಊಟಕ್ಕೆ ಶೋಭಾರಾಣಿ ಮುನಿಗಂಗಮ್ಮನ ಮನೆಗೆ ಕಳಿಸುತ್ತಿದ್ದ ಸಾರು ನಿಂತುಹೋಯಿತು. ಮುನಿಗಂಗಮ್ಮನ ಬಲಗಾಲು ಒಂದು ಅಂಗುಲ ಗಿಡ್ಡವಾಗಿಯೇ ಉಳಿಯಿತು.