ಒತ್ತೆಗಿಟ್ಟ ಕೊಡ

ಜಾರಿ ಬಿದ್ದವಳ ಕೊಡ ಎಲ್ಲಿಗೆ ಹೋಯಿತು? ಅದು ಬಾವಿಯಲ್ಲೇ ಇದೆಯೋ, ತನ್ನ ಕೈಗೇ ವಯಸ್ಸಾಯಿತೋ? ಪತ್ತೇದಾರ ಫಾಲಾಕ್ಷನ ಅನುಮಾನ ಹಗ್ಗದಲ್ಲಿ ಇಳಿದು ನನ್ನನ್ನು ಮುಟ್ಟುತ್ತಿತ್ತು. ಈ ಸಲವೂ ನಾನು ಬರೀ ಕೆಸರು ತಂದೆ.

ನಾನು ಒಂದು ಪಾತಾಳಗರಡಿ. ಬಾವಿಗೆ ಬಿದ್ದದ್ದನ್ನು ಎತ್ತುವ ಕೊಕ್ಕೆಗಳ ಗೊಂಚಲು. ಹೊಸದುರ್ಗದ ಕಡೆಯ ಒಂದು ಕುಲುಮೆಯಲ್ಲಿ ಹುಟ್ಟಿ ಕೆಂಚಜ್ಜಿಯ ಮನೆ ಸೇರಿದೆ. ನನ್ನನ್ನು ಒಯ್ಯುವವರು ಒಂದು ಪಾತ್ರೆ ಒತ್ತೆಯಿಡಬೇಕು. "ದೇವ್ರೇ ಬಂದ್ರೂ ಚೊಂಬು ಇಟ್ಟೇ ಹೋಗ್ಬೇಕು" ಎನ್ನುತ್ತಿದ್ದಳು ಅಜ್ಜಿ. ನಾನು ಬಿಂದಿಗೆ ಎತ್ತಿದ್ದೇನೆ, ಒಮ್ಮೆ ಮದುಮಗಳ ಕಾಲ್ಗೆಜ್ಜೆಯನ್ನೂ. ಆಗೆಲ್ಲ ಜನ ನಗುತ್ತಿದ್ದರು.

ಒಂದು ಸಂಜೆ ಎದುರುಮನೆಯ ತಿಪ್ಪೇಶಿ ಏದುಸಿರು ಬಿಡುತ್ತ ಬಂದ. "ಬಕೇಟು ಬಿದ್ದೋಯ್ತು ಕಣಜ್ಜಿ." ಗಾಬರಿಯಲ್ಲಿ ಕೈಗೆ ಸಿಕ್ಕ ಹಿತ್ತಾಳೆ ಕೊಡವನ್ನೇ ಒತ್ತೆಗೆ ತಂದಿದ್ದ. ಅವನ ಹಿತ್ತಲ ಬಾವಿಯಲ್ಲಿ ನನಗೆ ಸಿಕ್ಕಿದ್ದು ಬಕೆಟ್ಟಲ್ಲ, ಅವನದೇ ಟವೆಲ್ಲು. ಅದು ಅವನ ಹೆಂಡತಿ ಸುನಂದಳ ಹೆಣದ ಮುಷ್ಟಿಯಲ್ಲಿತ್ತು. ಎಳೆದ. ಟವೆಲ್ಲು ಬಂತು, ಅವಳು ಅಲ್ಲೇ ಉಳಿದಳು. ನನ್ನನ್ನು ಕಟ್ಟೆಯ ಮೇಲೆ ಬಿಟ್ಟು ಹೋದ.

"ನಸುಕಲ್ಲಿ ಕೊಡ ತಗಂಡು ನೀರಿಗೆ ಹೋದ್ಲು, ಜಾರ್ಬಿಟ್ಲು!" ಎಂದು ಬೆಳಿಗ್ಗೆ ಎದೆ ಬಡಿದುಕೊಂಡ. ಊರವರು ನನ್ನಿಂದಲೇ ಅವಳನ್ನು ಎತ್ತಿದರು. ನನ್ನನ್ನು ತೊಳೆದು ಅಜ್ಜಿಗೆ ಒಪ್ಪಿಸಿದರು. ಕೊಡ ಕೇಳಲು ತಿಪ್ಪೇಶಿ ಬರಲಿಲ್ಲ. ಬರುವ ಹಾಗಿರಲಿಲ್ಲ. ಪೊಲೀಸರು ಕೊಡದ ಮಾತೇ ಎತ್ತಲಿಲ್ಲ.

ಸುನಂದಳ ತಾಯಿ ನಂಬಲಿಲ್ಲ. ದಾವಣಗೆರೆಯಿಂದ ಫಾಲಾಕ್ಷನನ್ನು ಕರೆತಂದಳು. ನರೆತ ತಲೆ, ನಿದ್ದೆಗೆಟ್ಟ ಮುಖ. ಅಜ್ಜಿ ಅವನಿಂದಲೂ ಒತ್ತೆ ಬಿಡಲಿಲ್ಲ. ಚಹಾದ ಫ್ಲಾಸ್ಕು ಇರಿಸಿಕೊಂಡೇ ನನ್ನನ್ನು ಕೊಟ್ಟಳು.

"ಹುಡುಕ್ರಿ ಸ್ವಾಮಿ, ಕೆಸರಲ್ಲಿ ಹೂತೋಗಿರ್ಬೇಕು" ಎಂದ ತಿಪ್ಪೇಶಿ, ಬೀಡಿ ಹಚ್ಚುತ್ತ.

ನನ್ನನ್ನು ಹಿಂತಿರುಗಿಸಿದ ಫಾಲಾಕ್ಷ ಫ್ಲಾಸ್ಕಿಗೆಂದು ಮೂಲೆಗೆ ಬಗ್ಗಿದ. ಪಕ್ಕದಲ್ಲೇ ಕೊಡ. ಅದರ ಕಂಠದ ಮೇಲೆ ತವರಿನವರು ಕೆತ್ತಿಸಿದ ಹೆಸರು: ಸುನಂದ.

"ಇದು ಯಾವಾಗ ಬಂತಜ್ಜಿ?"

"ಹೆಣ ಎತ್ತಿದ್ರಲ್ಲ, ಅದ್ರ ಹಿಂದಿನ್ ಸಂಜೆ. ತಿಪ್ಪೇಶಿ ತಂದಿಟ್ಟ." ಅಜ್ಜಿ ಬಾಗಿಲು ಮುಂದೆ ಮಾಡಿದಳು. "ನನ್ ಹೆಸ್ರು ಹೇಳ್ಬ್ಯಾಡಪ್ಪ. ನೀನು ಬಸ್ ಹತ್ತಿ ಹೋಗ್ತೀಯ. ನಾನು ಅವ್ನ ಎದುರ್ಗೇ ಬಾಳ್ಬೇಕು."

ಅವನು ಕೊಡದ ಮೇಲೆ ಕೈಯಿಟ್ಟು ನಿಂತೇ ಇದ್ದ. ಅಜ್ಜಿ ಹೇಳದೆ ಕೊಡ ಸಾಕ್ಷಿಯಾಗದು. ಹೇಳಿದರೆ ಅಜ್ಜಿ ಉಳಿಯಲಾರಳು.

ಜಗಲಿಯಲ್ಲಿ ತಾಯಿ ಕಾಯುತ್ತಿದ್ದಳು. "ಬಿದ್ಲಾ, ತಳ್ಳಿದ್ರಾ? ಅಷ್ಟು ಗೊತ್ತಾದ್ರೆ ಸಾಕು ಕಣಪ್ಪ, ಇನ್ನೇನೂ ಬ್ಯಾಡ."

ಅವನು ಚಪ್ಪಲಿ ಮೆಟ್ಟಿಕೊಳ್ಳುತ್ತ ಹೇಳಿದ: "ಏನೂ ಸಿಗ್ಲಿಲ್ಲಮ್ಮ."

ಆಮೇಲೆ ಬೋರ್‌ವೆಲ್ ಬಂತು, ಬಾವಿಗಳಿಗೆ ಕಸ ಬಿತ್ತು. ಕೆಂಚಜ್ಜಿ ಸತ್ತಾಗ ಹೆಣಕ್ಕೆ ಮೊದಲು ಹೆಗಲು ಕೊಟ್ಟವನು ತಿಪ್ಪೇಶಿ. ಮಸಣದಿಂದ ಬಂದು ಕೊಡ ಒಯ್ದ. ಅವನ ಎರಡನೇ ಹೆಂಡತಿ ಈಗ ಅದರಲ್ಲಿ ನಲ್ಲಿ ನೀರು ಹಿಡಿಯುತ್ತಾಳೆ.

ನಾನು ಗುಜರಿ ಅಂಗಡಿಯ ಮೂಲೆಯಲ್ಲಿ ತುಕ್ಕು ಹಿಡಿದು ಬಿದ್ದಿದ್ದೇನೆ. ಎಂಥ ಆಳಕ್ಕೂ ಇಳಿದು ಬಂದವನು ನಾನು. ಆ ದಿನ ಜಗಲಿಯ ಮೇಲೆ ಮುಳುಗಿದ ಮಾತಿಗೆ ನನ್ನ ಯಾವ ಕೊಕ್ಕೆಯೂ ತಾಕಲಿಲ್ಲ.

ಸುನಂದ ನೀರಿಗೆ ಹೋಗಿರಲಿಲ್ಲ, ಅವಳನ್ನು ಗಂಡ ಕೊಂದ ಎಂದು ಫಾಲಾಕ್ಷ ಆ ತಾಯಿಗೆ ಹೇಳಲೇ ಇಲ್ಲ.