ಅಕ್ಕನ ಪಾಳಿ

"ಮುಂದ ಎಂದರ ನನ್ನ ಚೀಟಿ ಎದ್ದರ ಅದು ನಿಂದು, ಅಕ್ಕಾ. ನನಗ ಎಂಥಾ ಗರಜ ಇದ್ರೂ ನಿಂದ."

ಸೌಭಾಗ್ಯ ತನ್ನ ಅಕ್ಕ ರತ್ನಾಬಾಯಿಗೆ ಹೀಗೆ ಮಾತು ಕೊಟ್ಟದ್ದು ಮುಂಬಯಿ ಹತ್ತಿರದ ಡೊಂಬಿವಲಿಯಲ್ಲಿ, ತಾವಿದ್ದ ಚಾಳಿನ, ಅಂದರೆ ಸಾಲುಮನೆಗಳ ವಠಾರದ, ಗ್ಯಾಲರಿಯಲ್ಲಿ ನಿಂತು. ಆಗ ಮಗಳು ಸಂಜನಾ ಇನ್ನೂ ಹೊಟ್ಟೆಯಲ್ಲಿದ್ದಳು. ಚಾಳಿನಲ್ಲಿ ಗದಗ, ಬಾಗಲಕೋಟೆ ಕಡೆಯ ಹೆಂಗಸರು ಕೂಡಿ ಭಿಶಿ ನಡೆಸುತ್ತಿದ್ದರು. ತಿಂಗಳಿಗೊಮ್ಮೆ ಎಲ್ಲರೂ ಹಣ ಹಾಕುವುದು, ಹೆಸರಿನ ಚೀಟಿಗಳನ್ನು ಸ್ಟೀಲಿನ ಡಬ್ಬಿಯಲ್ಲಿ ಕುಲುಕುವುದು, ಯಾರ ಚೀಟಿ ಎದ್ದಿತೋ ಆ ತಿಂಗಳ ಗಂಟು ಅವಳಿಗೆ. ಇಷ್ಟು ಎಲ್ಲ ಕಡೆಯೂ ಇದ್ದದ್ದೇ. ಆ ಚಾಳಿಗೆ ಮಾತ್ರ ತನ್ನದೇ ಒಂದು ಪದ್ಧತಿಯಿತ್ತು. ಯಾರ ಮನೆಯಲ್ಲಾದರೂ ಹೆರಿಗೆಯೋ ಆಸ್ಪತ್ರೆಯೋ ಬಂದಿದ್ದರೆ, ಚೀಟಿ ಎದ್ದವಳು ತನ್ನ ಪಾಳಿಯನ್ನು ಅವರಿಗೆ ಬಿಟ್ಟುಕೊಡಬೇಕು. ಡಬ್ಬಿಯೊಳಗೆ ದೇವರು ಬರೆದದ್ದನ್ನು ಹೊರಗೆ ಹೆಂಗಸರು ತಿದ್ದಿಕೊಳ್ಳುತ್ತಿದ್ದರು.

ಆ ತಿಂಗಳು ಎದ್ದದ್ದು ರತ್ನಾಬಾಯಿಯ ಚೀಟಿ. ಹೊಲಿಗೆ ಮಶೀನು ಕೊಳ್ಳಬೇಕೆಂದು ವರ್ಷದಿಂದ ಕಾದಿದ್ದವಳು ಒಂದು ಚಣವೂ ಯೋಚಿಸದೆ ಗಂಟನ್ನು ತಂಗಿಯ ಮಡಿಲಿಗೆ ಹಾಕಿದಳು. "ಮಶೀನ್ ಎಲ್ಲಿ ಓಡಿಹೋಗ್ತದ? ಕೂಸು ನಿಲ್ತದೇನು?" ಎಂದು ನಕ್ಕಳು. ತಂಗಿ ಮಾತು ಕೊಟ್ಟದ್ದು ಆಗ.

ಆಮೇಲೆ ಅಕ್ಕನ ಗಂಡ ಶಂಕರೆಪ್ಪ ವಾಶಿಯ ಮಾರ್ಕೆಟ್ಟಿನಲ್ಲಿ ಮೆಣಸಿನಕಾಯಿ ವ್ಯಾಪಾರಕ್ಕೆ ಕುಳಿತು, ಸಾನಪಾಡಾದಲ್ಲಿ ಮನೆ ಮಾಡಿದ. ಚಾಳು ಕೆಡವಿ ಬಿಲ್ಡಿಂಗ್ ಎದ್ದಿತು, ಆ ಸುತ್ತು ಮುಗಿಯುವ ಮೊದಲೇ ಭಿಶಿಯ ಹೆಂಗಸರು ಕಲ್ಯಾಣ, ಬದಲಾಪುರ ಅಂತ ಚೆದುರಿದರು. ಸೌಭಾಗ್ಯಳ ಚೀಟಿ ಏಳುವ ಪ್ರಸಂಗವೇ ಬರಲಿಲ್ಲ. ಕೊಟ್ಟ ಮಾತು ಕೊಟ್ಟಲ್ಲೇ ಉಳಿಯಿತು.

ಅವರ ಅವ್ವ ಎದೆಯ ಗಂಟಿನಿಂದ ಸತ್ತಿದ್ದಳು. ಆ ಕಾಲಕ್ಕೆ ಅದನ್ನು ಕ್ಯಾನ್ಸರ್ ಎನ್ನದೆ ಗಂಟು ಎಂದಷ್ಟೇ ಕರೆಯುತ್ತಿದ್ದರು. ರತ್ನಾಬಾಯಿಗೂ ಅದೇ ಬಂದಾಗ ಡಾಕ್ಟರು ರಕ್ತ ತಪಾಸಿಸಿ, ಇದು ನಿಮ್ಮ ರಕ್ತದಲ್ಲೇ ಹರಿದು ಬಂದದ್ದು, ತಂಗಿಯನ್ನೂ ಕರೆದುಕೊಂಡು ಬನ್ನಿ ಎಂದರು. ಸೌಭಾಗ್ಯಳಲ್ಲೂ ಸಿಕ್ಕಿತು. ಇಬ್ಬರಿಗೂ ಆಪರೇಶನ್ ಆಯಿತು, ಇಬ್ಬರದೂ ಗುಣವಾಯಿತೆಂದುಕೊಂಡರು, ಇಬ್ಬರಿಗೂ ಮರಳಿ ಬಂತು. ಒಂದೇ ಸೀರೆಯನ್ನು ಸರದಿಯ ಮೇಲೆ ಉಟ್ಟು ಬೆಳೆದ ಅಕ್ಕತಂಗಿಯರು ಈಗ ಒಂದೇ ರೋಗವನ್ನು ಹಂಚಿಕೊಂಡರು.

ನವಿ ಮುಂಬಯಿಯ ಆಸ್ಪತ್ರೆಯಲ್ಲಿ ಇಂಥವರಿಗೆಂದೇ ಹೊಸ ಔಷಧಿಯ ಒಂದು ಟ್ರಯಲ್ ನಡೆದಿತ್ತು. ಅದನ್ನು ನೋಡಿಕೊಳ್ಳುತ್ತಿದ್ದವಳು ಅಪರ್ಣಾ. ಅಪ್ಪ ಅಮ್ಮ ಉಡುಪಿ ಕಡೆಯವರು, ಅವಳು ಹುಟ್ಟಿ ಬೆಳೆದದ್ದು ಠಾಣೆಯ ವರ್ತಕ ನಗರದಲ್ಲಿ. ಕನ್ನಡದವರು ಸಿಕ್ಕರೆಂದರೆ ಅವಳಿಗೆ ಮಾತೇ ಮುಗಿಯದು.

"ಹೊಸ ಗುಳಿಗೆ ಒಂದುಂಟು ಆಂಟಿ. ಅರ್ಧ ಜನರಿಗೆ ಅದು. ಇನ್ನರ್ಧ ಜನರಿಗೆ ಈಗ ಎಲ್ಲರಿಗೂ ಕೊಡುವ ಕೀಮೋ ಸಲೈನೇ. ಯಾರಿಗೆ ಯಾವುದು ಅಂತ ಡಾಕ್ಟರೂ ನಿಶ್ಚಯ ಮಾಡುದಿಲ್ಲ, ನಾನೂ ಮಾಡುದಿಲ್ಲ. ಕಂಪ್ಯೂಟರ್ ಆರಿಸ್ತದೆ."

"ಅಂದ್ರ ಭಿಶಿ ಅನ್ನು," ಎಂದಳು ರತ್ನಾಬಾಯಿ.

"ಭಿಶಿ ಅಂತಲೇ ಇಟ್ಕೊಳ್ಳಿ ಮಾರಾಯ್ರೆ."

"ಕಂಪ್ಯೂಟರಿಗೆ ಕೈ ಇಲ್ಲಲ್ಲವಾ ಅಪರ್ಣಾ, ಡಬ್ಬಿ ಹೆಂಗ ಕುಲುಕ್ತದ ಅದು?"

ಅಪರ್ಣಾ ನಗುತ್ತ ನಗುತ್ತಲೇ ಎಲ್ಲವನ್ನೂ ಬಿಡಿಸಿ ಹೇಳಿದಳು, ಇಬ್ಬರೂ ಒಪ್ಪಿ ಸಹಿ ಮಾಡಿದರು. ಹೆಸರು ಕೂಗಿದಾಗ ರತ್ನಾಬಾಯಿ ತಂಗಿಯ ಬೆನ್ನು ಹಿಡಿದು ಮುಂದೆ ತಳ್ಳಿದಳು. "ನೀ ಮೊದಲ ಹೋಗು. ಸಣ್ಣವರ ಕೈಗೆ ಚಲೋದು ಬರ್ತದ." ಭಿಶಿಯಲ್ಲೂ ಚೀಟಿ ಎತ್ತುವುದಕ್ಕೆ ಎಲ್ಲರಿಗಿಂತ ಸಣ್ಣವರನ್ನೇ ಕರೆಯುತ್ತಿದ್ದರು.

ಸೌಭಾಗ್ಯಳಿಗೆ ಗುಳಿಗೆ ಬಂತು. ರತ್ನಾಬಾಯಿಗೆ ಸಲೈನು.

"ನಾ ಹೇಳಲಿಲ್ಲೇನು?" ರತ್ನಾಬಾಯಿ ತಂಗಿಯ ತೋಳು ಹಿಂಡಿದಳು. "ನನಗ ಬಿಡು, ಹಳೇ ಗಂಡನ ಪಾದವೇ ಗತಿ."

ಜೊತೆಗೆ ಬಂದಿದ್ದ ಶಂಕರೆಪ್ಪನೂ ನಕ್ಕ. ಸೌಭಾಗ್ಯಳಿಗೆ ಮಾತ್ರ ನಗು ಬರಲಿಲ್ಲ. ಅಕ್ಕನನ್ನೂ ಅವಳ ಗಂಡನನ್ನೂ ಸಾನಪಾಡಾದ ರಿಕ್ಷಾ ಹತ್ತಿಸಿ, ಛತ್ರಿ ಮರೆತೆನೆಂದು ಸುಳ್ಳು ಹೇಳಿ ಒಳಗೆ ಹೋದಳು.

"ಅಪರ್ಣಾ, ಒಂದು ಮಾತು. ನಂದು ಅಕ್ಕಗ ಬರಿ. ಅಕ್ಕಂದು ನನಗ ಬರಿ."

"ಎಂತ?" ಅಪರ್ಣಾ ಚೇಷ್ಟೆಯೆಂದೇ ತಿಳಿದಳು. ಎದುರಿನ ಮುಖ ನೋಡಿ ಪೆನ್ನು ಕೆಳಗಿಟ್ಟಳು. "ಹಾಗೆ ಆಗುದಿಲ್ಲ ಆಂಟಿ."

"ಯಾಕಾಗೂದಿಲ್ಲ? ನಮ್ಮ ಭಿಶಿಯೊಳಗ ನಾವು ಪಾಳಿ ಬದಲ ಮಾಡ್ಕೋತಿದ್ವಿ. ಯಾರಿಗೂ ಲುಕ್ಸಾನ ಇಲ್ಲ. ನೀ ಕೊಡೂದು ಎರಡ, ಎರಡೂ ಕೊಡ್ತಿ. ಅಕಿ ನನಗಿಂತ ದೊಡ್ಡಾಕಿ, ಅಕಿದು ಲಿವರಿಗೂ ಮುಟ್ಟೇದ."

"ಭಿಶಿಯಲ್ಲಿ ದುಡ್ಡು ದುಡ್ಡೇ ಅಲ್ವಾ, ಯಾರ ಕೈಗೆ ಹೋದ್ರೂ. ಇದು ಹಾಗಲ್ಲ. ಈ ಗುಳಿಗೆ ಒಳ್ಳೇದಾ, ಸಲೈನ್ ಒಳ್ಳೇದಾ, ನಮಗೇ ಗೊತ್ತಿಲ್ಲ. ಗೊತ್ತಿದ್ರೆ ಚೀಟಿ ಯಾಕೆ ಎತ್ತುದು, ಎಲ್ಲರಿಗೂ ಅದನ್ನೇ ಕೊಡ್ತಿದ್ದೆವು. ಯಾರಿಗೆ ಬೇಕೋ ಅವರಿಗೆ ಅಂತ ನಾವು ಹಂಚಿದ್ರೆ ಯಾವತ್ತೂ ಗೊತ್ತಾಗುದೂ ಇಲ್ಲ." ದನಿ ಇಳಿಸಿ ಹೇಳಿದಳು. "ಮತ್ತೆ ಮನೆಯಲ್ಲಿ ಅವರಿಗೆ ಗುಳಿಗೆ ಕೊಡ್ಲಿಕ್ಕೆ ಹೋಗ್ಬೇಡಿ. ಇದರಿಂದ ರಕ್ತದ ಕೌಂಟ್ ಇಳೀತದೆ. ನೋಡುವವರಿಲ್ಲದೆ ತಗೊಂಡ್ರೆ ಜೀವಕ್ಕೇ ಅಪಾಯ. ನನ್ನ ಆಣೆ."

ಸೌಭಾಗ್ಯ ಹೂಂ ಎಂದಳು. ಅಪರ್ಣಾ ಹೇಳಿದ್ದೆಲ್ಲ ತಲೆಗೆ ಹೋಗಿತ್ತು, ಮನಸ್ಸಿಗೆ ಇಳಿದಿರಲಿಲ್ಲ.

ಗುಳಿಗೆ ಕೆಲಸ ಮಾಡಿತು. ಬೇಸಿಗೆ ಕಳೆಯುವ ಹೊತ್ತಿಗೆ ಅವಳ ಗಂಟು ಕರಗಿ, ಸ್ಕ್ಯಾನಿನಲ್ಲಿ ಹುಡುಕಬೇಕಾಯಿತು. ಬೇಲಾಪುರದ ಆಫೀಸಿನಿಂದ ಬಂದ ಗಂಡ ಯಶ್ವಂತ್ ಆ ದಿನ ಚಪ್ಪಲಿಯನ್ನೂ ಬಿಡದೆ ದೇವರ ಮುಂದೆ ನಿಂತ. ಅವಳು ಮತ್ತೆ ಅಡುಗೆ ಮಾಡಿದಳು, ಮತ್ತೆ ಬಾಲ್ಕನಿಯಲ್ಲಿ ಬಟ್ಟೆ ಹರವಿದಳು. ಆದರೆ ಸುಖವನ್ನು ಹೇಳಿಕೊಳ್ಳುವ ಜಾಗವೇ ಇಲ್ಲವಾಗಿತ್ತು. ಇಷ್ಟು ದಿನ ಅದನ್ನು ಮೊದಲು ಹೇಳುತ್ತಿದ್ದದ್ದು ಅಕ್ಕನಿಗೆ.

ಅಕ್ಕ ಫೋನಿನಲ್ಲಿ ಮಾತಾಡುತ್ತಿದ್ದಳು, ನಿಜ. "ಉಂಡ್ಯೇನು? ಸಂಜನಾ ಕಾಲೇಜಿಗೆ ಹೋದಳೇನು?" ಅಲ್ಲಿಗೆ ಮುಗಿಯುತ್ತಿತ್ತು. ಅವರ ಆಸ್ಪತ್ರೆಯ ದಿನಗಳು ಬೇರೆಬೇರೆಯಾದವು. ಸೌಭಾಗ್ಯ ತನ್ನ ಪಾಳಿಯ ದಿನ ಹೋಗಿ, ಅಕ್ಕ ಕೂರುತ್ತಿದ್ದ ಸಲೈನಿನ ಕುರ್ಚಿಗಳ ಸಾಲನ್ನು ಬಾಗಿಲಲ್ಲಿ ನಿಂತು ನೋಡಿ ಬರುತ್ತಿದ್ದಳು. ಬೇರೆ ಯಾರೋ ಕೂತಿರುತ್ತಿದ್ದರು. ಚಾಳಿನ ಗ್ಯಾಲರಿಯಲ್ಲಿ ಅಕ್ಕ ಸೌಭಾಗ್ಯಳ ತಲೆಗೆ ಎಣ್ಣೆ ಹಚ್ಚುತ್ತ, ಎದುರಿನ ಮನೆಯವಳ ಸೊಸೆಯನ್ನು ಬೈಯುತ್ತಿದ್ದದ್ದು ನೆನಪಾಗಿ, ನೆತ್ತಿಯಲ್ಲಿ ಆ ಬೆರಳುಗಳು ಬೇಕೆನಿಸುತ್ತಿತ್ತು. ಬೇಕು, ಅಷ್ಟೇ. ಹಸಿವೆಯಾದಂತೆ.

ಮಳೆಗಾಲದ ನಡುವೆ ಶಂಕರೆಪ್ಪನ ಫೋನು ಬಂತು. "ಸಲೈನ್ ನಿಲ್ಲಿಸ್ಯಾರವಾ. ಕೆಲಸ ಮಾಡ್ಲಿಲ್ಲಂತ. ಒಂದೆರಡು ವಾರ ಸುಧಾರಿಸಿಕೊಳ್ಳಲಿ, ಆಮ್ಯಾಲೆ ಬ್ಯಾರೇದು ಏನರ ನೋಡೂಣು ಅಂದಾರ." ಅವನ ದನಿಯಲ್ಲಿ ಮಾರ್ಕೆಟ್ಟಿನ ಗದ್ದಲವಿತ್ತು, ಅವನಿರಲಿಲ್ಲ.

ಸಲೈನು ನಿಂತಿತೆಂದರೆ ಎರಡು ಔಷಧಿ ಕೂಡುವ ಭಯವಿಲ್ಲ ಎಂದು ಸೌಭಾಗ್ಯ ತನಗೆ ತಾನೇ ಲೆಕ್ಕ ಹಾಕಿದಳು. ಮರುದಿನ ಬೆಳಗಿನ ಗುಳಿಗೆಯನ್ನು ನುಂಗಲಿಲ್ಲ. ಬಾಟ್ಲಿಯನ್ನು ಸೆರಗಿನ ಕೆಳಗೆ ಪರ್ಸಿನಲ್ಲಿಟ್ಟುಕೊಂಡು ಹೊರಟಳು.

"ಮಾವಶೀಲಾ ಸಾಂಗ್, ಮೀ ರವಿವಾರೀ ಯೇತೇ," ಎಂದಳು ಬಾಗಿಲಲ್ಲಿ ಸಂಜನಾ, ಮರಾಠಿಯಲ್ಲಿ.

"ರವಿವಾರ ಬರ್ತೀನಂತ ದೊಡ್ಡವ್ವಗ ಹೇಳು ಅಂತ ಕನ್ನಡದಾಗ ಅಂದ್ರ ನಾಲಿಗಿ ಸವೀತದೇನು?"

"ಸವೀತದ," ಎಂದು ಸಂಜನಾ ಅವ್ವನ ಕೆನ್ನೆ ಹಿಂಡಿ ಒಳಗೆ ಓಡಿದಳು.

ಠಾಣೆಯಲ್ಲಿ ಗಾಡಿ ಬದಲಿಸಿದಳು. ಲೇಡೀಸ್ ಡಬ್ಬಿಯ ಬಾಗಿಲಿನಿಂದ ಮಳೆಯ ಹನಿ ಮುಖಕ್ಕೆ ಹೊಡೆಯುತ್ತಿತ್ತು. ಐರೋಲಿ ದಾಟಿತು, ಘನ್ಸೋಲಿ ದಾಟಿತು. ದಾರಿಯುದ್ದಕ್ಕೂ ಅವಳು ಮನಸ್ಸಿನಲ್ಲೇ ಅಕ್ಕನ ಜೊತೆ ಜಗಳವಾಡಿದಳು. ತಗೋ ಎಂದು ತಾನು, ಬ್ಯಾಡ ಎಂದು ಅಕ್ಕ. ನಿನಗ ಹುಚ್ಚು ಹಿಡದದೇನು, ಮಗಳ ಲಗ್ನ ಮಾಡೂದೈತಿ ಎಂದು ಅಕ್ಕ ಬೈಯುತ್ತಾಳೆ, ಬಾಟ್ಲಿಯನ್ನು ಪರ್ಸಿನೊಳಗೆ ತುರುಕಿ, ಅಡುಗೆಮನೆಗೆ ಎಳೆದುಕೊಂಡು ಹೋಗಿ ರೊಟ್ಟಿ ಬಡಿಸುತ್ತಾಳೆ. ಇಬ್ಬರೂ ಅಳುತ್ತಾರೆ. ಎಷ್ಟೋ ತಿಂಗಳ ಮೇಲೆ ಕೂಡಿ ಅಳುತ್ತಾರೆ.

ರತ್ನಾಬಾಯಿ ಕಿಟಕಿಯ ಹತ್ತಿರದ ಪಲಂಗದ ಮೇಲೆ ದಿಂಬಿಗೊರಗಿ ಕೂತಿದ್ದಳು. ತಲೆಗೆ ಹತ್ತಿಯ ಬಟ್ಟೆ ಸುತ್ತಿತ್ತು. ಕೈಬಳೆಗಳು ಮೊಣಕೈಯವರೆಗೆ ಸರಿಯುವಷ್ಟು ಇಳಿದಿದ್ದಳು. ಶಂಕರೆಪ್ಪ ಮಾರ್ಕೆಟ್ಟಿಗೆ ಹೋಗಿದ್ದ.

"ಬಂದ್ಯಾ? ಎಷ್ಟು ತೋಯ್ದೀ ನೋಡು. ಆ ಟಾವೆಲ್ ತಗೋ."

ಸೌಭಾಗ್ಯ ಟಾವೆಲ್ ತೆಗೆದುಕೊಳ್ಳಲಿಲ್ಲ. ಹತ್ತಿರ ಕೂತು, ಬಾಟ್ಲಿ ಹೊರಗೆ ತೆಗೆದಳು. "ಅಕ್ಕಾ, ಇದು ನಿನ್ನ ಪಾಳಿ. ಅಂದು ಗ್ಯಾಲರಿಯೊಳಗ ಮಾತು ಕೊಟ್ಟಿದ್ನಿ. ಇವತ್ತಿನಿಂದ ನೀ ತಗೋ. ಆಸ್ಪತ್ರ್ಯಾಗ ನಾ ತಗೊಂಡೀನಿ ಅಂತ ಹೇಳ್ತೀನಿ."

ರತ್ನಾಬಾಯಿ ಬಾಟ್ಲಿಯನ್ನೇ ನೋಡಿದಳು. ಬೈಯಲಿಲ್ಲ. ಒಣಗಿದ ತುಟಿಯನ್ನು ನಾಲಿಗೆಯಿಂದ ಸವರಿಕೊಂಡಳು.

"ಕೊಡು," ಎಂದಳು.

ಕೈ ಚಾಚಿದಳು.

ಸೌಭಾಗ್ಯಳಿಗೆ ಕೇಳಿಸಿತು. ಕೇಳಿಸಿಯೂ ತಿಳಿಯಲಿಲ್ಲ. ಅಕ್ಕ ಜೀವಮಾನದಲ್ಲಿ ಅವಳ ಮುಂದೆ ಕೈ ಚಾಚಿದವಳಲ್ಲ.

"ಸುಳ್ಳ ಯಾಕ ಹೇಳ್ಲಿ," ಎಂದಳು ರತ್ನಾಬಾಯಿ. "ಭಾಳ ಆಶಾ ಆಗ್ತದ ಸೌಭಾಗ್ಯ. ದಿನಾ ಅದನ್ನ ನೆನಸ್ತೀನಿ. ಅಂದು ನಿನ್ನ ಮುಂದ ತಳ್ಳಿದ್ನಲ್ಲಾ, ನಾನ ಮೊದಲ ಹೋಗಿದ್ರ ಅಂತ ನೆನಸ್ತೀನಿ. ಇನ್ನೊಂದಿಷ್ಟು ದಿನ ಇರಬೇಕನಸ್ತದ ನನಗ. ಕೊಡು."

ಬಾಟ್ಲಿ ಸೌಭಾಗ್ಯಳ ಮುಷ್ಟಿಯಲ್ಲಿತ್ತು. ಬೆರಳು ಬಿಚ್ಚಬೇಕು, ಅಷ್ಟೇ ಕೆಲಸ. ಬೆರಳು ಬಿಚ್ಚಲಿಲ್ಲ. ಅಕ್ಕ ಬೇಡವೆನ್ನುತ್ತಾಳೆಂಬ ಧೈರ್ಯದ ಮೇಲೆಯೇ ತಾನು ಡೊಂಬಿವಲಿಯಿಂದ ಇಲ್ಲಿಯವರೆಗೆ ಬಂದದ್ದು ಎಂದು ಆಗ ಗೊತ್ತಾಯಿತು. ಬೆಳಿಗ್ಗೆ ಕೆನ್ನೆ ಹಿಂಡಿದ ಮಗಳ ಬೆರಳು ಇನ್ನೂ ಅಲ್ಲೇ ಇದ್ದ ಹಾಗಿತ್ತು. ಅದಕ್ಕಿಂತ ಹೆಚ್ಚಾಗಿ, ಯಾವ ಮಗಳೂ ಗಂಡನೂ ಇಲ್ಲದ ಬರೀ ತನ್ನ ಜೀವ, ಬದುಕಬೇಕೆಂದು ಆ ಮುಷ್ಟಿಯಲ್ಲಿ ಬಿಗಿದುಕೊಂಡಿತ್ತು.

"ಅಕ್ಕಾ… ಅಪರ್ಣಾ ಹೇಳ್ಯಾಳ, ರಕ್ತ ಇಳೀತದಂತ… ನೋಡೂವವ್ರಿಲ್ದ ತಗೊಂಡ್ರ…"

ಅಪರ್ಣಾ ಹೇಳಿದ್ದು ನಿಜವೇ ಆಗಿತ್ತು. ನಿಜವಾದ ಮಾತೂ ಬಾಯಿಗೆ ಬಂದಾಗ ನೆಪದ ಹಾಗೆ ಕೇಳಿಸಿತು. ರತ್ನಾಬಾಯಿಗೂ ಹಾಗೇ ಕೇಳಿಸಿರಬೇಕು. ಚಾಚಿದ ಕೈ ಸ್ವಲ್ಪ ಹೊತ್ತು ಹಾಗೇ ಇದ್ದು, ಮೆಲ್ಲಗೆ ಮಡಿಲಿಗೆ ಬಂತು.

"ಹೌದು ಮತ್ತ. ಅಕಿ ಕಲತಾಕಿ, ಸುಮ್ಮನ ಹೇಳ್ತಾಳೇನು?" ಎಂದಳು. ಆಮೇಲೆ ಕಿಟಕಿಯ ಕಡೆಗೆ ಮುಖ ಮಾಡಿ, "ಮಳಿ ಒಳಗ ಬರಾಕತ್ತೇದ. ಕಿಟಕಿ ಹಾಕು."

ಸೌಭಾಗ್ಯ ಎದ್ದು ಕಿಟಕಿ ಹಾಕಿದಳು. ಹಾಲು ಕಾಸಿ ಕೊಟ್ಟಳು, ಬೆನ್ನು ಒತ್ತಿದಳು, ಸಂಜನಾ ರವಿವಾರ ಬರುತ್ತಾಳೆಂದು ಹೇಳಿದಳು. ಅಕ್ಕ ಎಲ್ಲಕ್ಕೂ ಹೂಂ ಎಂದಳು. ಹೊರಡುವಾಗ ಎಂದಿನಂತೆ ಕುಂಕುಮ ಹಚ್ಚಿ, "ಹುಷಾರಿಲೇ ಹೋಗು," ಎಂದಳು. ಅವಳ ಬೆರಳು ಹಣೆಗೆ ತಾಗಿದ್ದು ಒಂದು ಚಣ. ಇನ್ನೊಂದು ಚಣ ಇರಲಿ ಎಂದು ಸೌಭಾಗ್ಯ ತಲೆ ಬಾಗಿಸಿಯೇ ನಿಂತಳು. ಬೆರಳು ಅಷ್ಟರಲ್ಲಿ ಹಿಂದೆ ಹೋಗಿತ್ತು.

ಡೊಂಬಿವಲಿಗೆ ಮರಳಿ, ಊಟ ಮಾಡಿ, ಗುಳಿಗೆ ನುಂಗಿದಳು. ಅಕ್ಕನಿಗೆ ಕೊಟ್ಟ ಮಾತನ್ನು ಸೌಭಾಗ್ಯ ನಡೆಸಿಕೊಡಲಿಲ್ಲ.