ಗಾಜಿನೊಳಗೆ ಅಂಬೆಗಾಲು ಕೃಷ್ಣ

ಟಣ್ — ಒಂದೇ ಸಲ, ಆರು ವರ್ಷದ ಹಿಂದೆ ನಡುರಾತ್ರಿ ದೇವರ ಗೂಡಿನ ಕಡೆಯಿಂದ ಕೇಳಿದ್ದ ಸಣ್ಣ ಸದ್ದು, ಈಗ ಹಾಡುಹಗಲಲ್ಲಿ ವಿಭಾಳ ಕಿವಿಯೊಳಗೆ ಮತ್ತೆ, ಏನದು ಅತ್ತೆ ಎಂದು ಹಾಸಿಗೆಯಿಂದಲೇ ಕೇಳಿದ್ದಳಲ್ಲ, ಏನಿಲ್ಲ ಕಣೇ, ಪಂಚಪಾತ್ರೆ ಜಾರ್ತು, ಮಲ್ಕೋ — ಪಂಚಪಾತ್ರೆಯಲ್ಲ, ಇದು, ಕಾನ್ವೆಂಟಿನ ಈ ಪುಟ್ಟ ಮ್ಯೂಸಿಯಮ್ಮಿನ ಗಾಜಿನ ಹಿಂದೆ, ಬಾಣದ ಮೊನೆಗಳ ಮತ್ತು ಮಡಕೆಚೂರುಗಳ ಪಕ್ಕದಲ್ಲಿ ಒಂದು ಮೊಣಕಾಲೂರಿ ತಲೆಯೆತ್ತಿ ಕೂತಿರುವ ಇದು, ಬೆಣ್ಣೆ ಹಿಡಿದಿದ್ದ ಬಲಗೈ ಮೊಣಕೈಯಿಂದಾಚೆಗೆ ಇಲ್ಲ, ಪಾಚಿಹಸಿರು ಮೆತ್ತಿದೆ, ಆದರೂ ಎಡಮೊಣಕಾಲಿನ ಬೆಸುಗೆ ಕಾಣುತ್ತಿದೆ, ಮೈಸೂರಿನ ಕಂಚುಗಾರ ಹಾಕಿದ ಆ ಒರಟು ಬೆಸುಗೆ, ಪ್ರತಿ ಶುಕ್ರವಾರ ಹುಣಸೆಹಣ್ಣಿನಲ್ಲಿ ಉಜ್ಜುವಾಗ ಬೆರಳಿಗೆ ತಗಲುತ್ತಿತ್ತು, ಅನುಮಾನವೇ ಇಲ್ಲ, ನಮ್ಮನೆ ದೇವರು. ಪುಟ್ಟ ಲೋಹದ ಬೊಂಬೆ, ಹ್ಯುರಾನ್ ನದಿಯ ದಡದಲ್ಲಿ ಸಿಕ್ಕಿದ್ದು, ಕಾಲ ತಿಳಿಯದು, ಈ ಕಾನ್ವೆಂಟಿನಿಂದ ಭಾರತಕ್ಕೆ ಹೋಗಿಬಂದ ಕ್ರೈಸ್ತ ಸನ್ಯಾಸಿನಿಯೊಬ್ಬರದಿರಬಹುದು — ಚೀಟಿಯನ್ನು ಎರಡು ಸಲ ಓದುತ್ತಾಳೆ, ಯಾವ ಸನ್ಯಾಸಿನಿ, ಎಲ್ಲಿಯ ಸನ್ಯಾಸಿನಿ, ಅತ್ತೆಯನ್ನು ನದಿಗೆ ಕರೆದುಕೊಂಡು ಹೋದವಳು ತಾನೇ, ಆ ಸದ್ದಿನ ಮರುಬೆಳಿಗ್ಗೆ, ಬಡಾವಣೆ ಹಿಂದಿನ ನದಿ ಪಾರ್ಕಿಗೆ ಡ್ರೈವ್ ಮಾಡು ಒಂಚೂರು, ಮೀನಿಗೆ ಮಂಡಕ್ಕಿ ಹಾಕ್ಬೇಕು ಅಂದಿದ್ದರು ಅತ್ತೆ, ಹಾಕಿ ಬರಲಿ ಎಂದು ತಾನು ಕಾರಿನಲ್ಲೇ ಕೂತು ಫೋನ್ ನೋಡುತ್ತಿದ್ದಳು, ಮುರಿದ ವಿಗ್ರಹ ಮನೆಯಲ್ಲಿರಬಾರದು, ಹರಿಯುವ ನೀರಿಗೆ ಬಿಡಬೇಕು, ಅದು ಸರಿಯೇ, ಅದು ಎಲ್ಲರಿಗೂ ಗೊತ್ತಿರುವುದೇ, ಹೇಳಿದ್ದರೆ ಏನಾಗುತ್ತಿತ್ತು, ಕೈತಪ್ಪಿ ಬಿತ್ತು ಅಂತ ಒಂದು ಮಾತು — ಆದರೆ ಅದೇ ವಾರ ವಿಕ್ಸಮ್ ಊರಿನ ಹೊಸ ಮನೆಗೆ ಸಾಮಾನು ಕಟ್ಟುತ್ತಿದ್ದರು, ಕಟ್ಟಿದವಳು ವಿಭಾ, ಆದ್ದರಿಂದ ದೇವರನ್ನು ಕಳೆದವಳೂ ವಿಭಾ. ಗಂಡ ಸಮರ್ಥ ಗೆಳೆಯರ ಪ್ರತಿ ಪಾಟ್‌ಲಕ್ ಊಟದಲ್ಲೂ ನಗಿಸುತ್ತಾನೆ, ನಮ್ಮನೆಯವಳು ಹಳೇ ಜೀನ್ಸ್ ಜೊತೆ ದೇವ್ರನ್ನೂ ಡೊನೇಶನ್ ಬಾಕ್ಸ್‌ಗೆ ಹಾಕ್ಬಿಟ್ಳು ಕಣ್ರೀ, ಎಲ್ಲರೂ ನಗುತ್ತಾರೆ, ಅವಳೂ ನಗುತ್ತಾಳೆ, ಆ ಚಳಿಗಾಲ ಹೊಟ್ಟೆಯಲ್ಲಿದ್ದ ಎರಡನೆಯದು ನಿಲ್ಲದೆ ಹೋದಾಗ ಮಾತ್ರ ಯಾರೂ ನಗಲಿಲ್ಲ, ಮೈಸೂರಿನಿಂದ ನಾದಿನಿ ರೇಣು ಫೋನಿನಲ್ಲಿ ಅಂದಳು, ಮನೆದೇವ್ರೇ ಹೋದ್ಮೇಲೆ ಇನ್ನೇನು ಅತ್ಗೆ, ಆ ಫೋನು ಸ್ಪೀಕರ್‌ನಲ್ಲಿತ್ತು, ಅತ್ತೆ ಅಲ್ಲೇ ಕೂತಿದ್ದರು, ಹುರುಳಿಕಾಯಿ ನಾರು ತೆಗೆಯುತ್ತಿದ್ದರು, ತಲೆ ಎತ್ತಲಿಲ್ಲ, ಆಗಲೂ ಹೇಳಲಿಲ್ಲ, ಆಗಲೂ — ಎಷ್ಟು ರಾತ್ರಿ ತಾನು ಒಂದೊಂದೇ ಪೆಟ್ಟಿಗೆಯನ್ನು ಮನಸ್ಸಿನಲ್ಲೇ ಬಿಚ್ಚಿ ನೋಡಿದ್ದಾಳೆ, ಯಾವ ಬಟ್ಟೆಯಲ್ಲಿ ಸುತ್ತಿದೆ, ಎಲ್ಲಿಟ್ಟೆ, ನಾನೇ ಇರಬೇಕು, ನಾನೇ.

ನಮ್ಮದಲ್ಲ ಬಿಡು, ಎಂದಿತು ಪಕ್ಕದಿಂದ ಒಂದು ಸಣ್ಣ ಸ್ವರ, ಅವಳು ಕೇಳಿಯೇ ಇರಲಿಲ್ಲ, ಬಾಯೇ ತೆರೆದಿರಲಿಲ್ಲ, ಇಂದುಮತಿ ಅತ್ತೆ ಯಾವಾಗ ಬಂದು ನಿಂತರೋ, ಸ್ವೆಟರಿನ ಮೇಲೆ ಸೆರಗು ಹೊದ್ದು, ಕಣ್ಣು ಗಾಜಿನಿಂದ ಕೀಳದೆ — ವಿಭಾಳ ದೃಷ್ಟಿ ಕೆಳಗಿಳಿಯುತ್ತದೆ, ಸ್ನೀಕರ್ಸ್ ಎರಡೂ ಗೋಡೆಯ ಬುಡದಲ್ಲಿ ಜೋಡಿಸಿಟ್ಟಿವೆ, ಈ ತಣ್ಣನೆಯ ಕಲ್ಲುನೆಲದ ಮೇಲೆ ಅತ್ತೆ ಬರೀ ಕಾಲುಚೀಲದಲ್ಲಿ ನಿಂತಿದ್ದಾರೆ, ಬೂದು ಕಾಲುಚೀಲ, ಒಂದರ ತುದಿಯಲ್ಲಿ ಹೆಬ್ಬೆರಳು ಇಣುಕಿದೆ, ನಮ್ಮದಲ್ಲದ ದೇವರಿಗೆ ಯಾರು ಚಪ್ಪಲಿ ಬಿಡುತ್ತಾರೆ ಅತ್ತೆ, ಮಾತು ನಾಲಿಗೆಯ ತನಕ ಬಂದು ನಿಂತಿದೆ, ಅಷ್ಟರಲ್ಲಿ ಮಗಳು ಸಿಯಾ ಓಡಿಬಂದು, ಅಜ್ಜಿ, ವೈ ಆರ್ ಯುವರ್ ಶೂಸ್ ಆಫ್, ಹಿಂದೆಯೇ ಸಮರ್ಥ, ಗಾಜಿಗೆ ಮೂಗು ತಾಗಿಸಿ, ಅರೆ, ನೋಡೇ ವಿಭಾ, ನಿನ್ ಡೊನೇಶನ್ ಬಾಕ್ಸ್ ಇಲ್ಲಿಗೆ ಬಂದಿದ್ಯಲ್ಲ, ಅಮ್ಮ, ನಮ್ದೇನಾ ಇದು — ನಗುತ್ತಿದ್ದಾನೆ, ಅವನಿಗೆ ಗೊತ್ತಿಲ್ಲ, ಬೆಸುಗೆ ಅವನು ನೋಡಿಲ್ಲ, ದೇವರನ್ನು ಉಜ್ಜಿದವನಲ್ಲ, ಈಗ ಹೇಳಬಹುದು, ಬೆರಳಿಟ್ಟು ತೋರಿಸಬಹುದು, ಆರು ವರ್ಷದ ನಗು ಅವನ ಬಾಯಲ್ಲೇ ಇಂಗುತ್ತದೆ, ರೇಣುಗೂ ಇಲ್ಲಿಂದಲೇ ಫೋನ್ ಮಾಡಬಹುದು, ಅತ್ತೆ ಮೊದಲ ಸಲ ಅವಳತ್ತ ತಿರುಗಿದರು, ಬೇಡುತ್ತಿಲ್ಲ, ಗದರುತ್ತಿಲ್ಲ, ಕಾಯುತ್ತಿದ್ದಾರೆ, ಕಾಲುಚೀಲದೊಳಗೆ ಬೆರಳುಗಳು ಮುದುರಿಕೊಂಡಿವೆ, ತಪ್ಪು ಮಾಡಿ ನಿಂತ ಮಗುವಿನ ಬೆರಳುಗಳಂತೆ, ಈ ಹೆದರಿಕೆ ವಿಭಾಳಿಗೆ ಗೊತ್ತು, ಆರು ವರ್ಷ ಇದರ ಜೊತೆಗೇ ಮಲಗಿ ಎದ್ದಿದ್ದಾಳೆ, ಇದನ್ನು ಇನ್ನೊಬ್ಬರಿಗೆ ದಾಟಿಸುವುದೇ — ಅಲ್ಲ, ಎಂದಳು, ಇದು ಯಾರೋ ಸನ್ಯಾಸಿನಿಯದಂತೆ, ಬರೆದಿದ್ದಾರೆ ನೋಡಿ, ಸ್ವರ ತನ್ನದೇ, ನೆಟ್ಟಗೇ ಬಂತು, ಸಮರ್ಥ ಆಗಲೇ ಮುಂದಿನ ಕೋಣೆಯಲ್ಲಿದ್ದಾನೆ, ಅವನಿಗೆ ಹೇಳುವುದಿಲ್ಲ, ರೇಣುಗೆ ಹೇಳುವುದಿಲ್ಲ, ಅತ್ತೆಗೂ, ನನಗೆ ಗೊತ್ತು ಎಂದು ಅತ್ತೆಗೂ ಹೇಳುವುದಿಲ್ಲ, ಯಾರಿಗೂ, ಮೊಣಕಾಲೂರಿ ಕೂರುತ್ತಾಳೆ, ಸ್ನೀಕರಿನ ಲೇಸು ಸಡಿಲಿಸಿ, ಬನ್ನಿ, ನೆಲ ತಂಪು, ಎಡಗಾಲು ಕೊಡಿ, ತೂತಿನಿಂದಾಚೆ ಆ ಹೆಬ್ಬೆರಳು, ತಣ್ಣಗೆ, ಅವಳ ಅಂಗೈಯೊಳಗೆ, ಆ ಹೆಬ್ಬೆರಳು —